ಗಾಜು, ಎಣ್ಣೆ, ಅರಸಿನ: ಹಳೆಯ ರಾಕ್ ಆಲ್ಬಮ್ ಹೊದಿಕೆಗಳ ಬಣ್ಣವನ್ನು ವಿಡಿಯೊಗೆ ತರುವ ಬಗೆ

ಹನ್ನೆರಡು ಅಂಗುಲದ ಎಲ್‌ಪಿ ರೆಕಾರ್ಡಿನ ಹೊದಿಕೆ ಸುಮಾರು 31 ಸೆಂಟಿಮೀಟರ್ ಉದ್ದಗಲದ ಒಂದು ಚೌಕ. ರೆಕಾರ್ಡಿನ ಒಂದು ಮಗ್ಗುಲು ಹಾಡಿ ಮುಗಿಯಲು ಇಪ್ಪತ್ತು ನಿಮಿಷಗಳ ಆಸುಪಾಸು ಹಿಡಿಯುತ್ತಿತ್ತು, ಮತ್ತು ಅಷ್ಟು ಹೊತ್ತೂ ಕೇಳುವವರ ಕೈಯಲ್ಲಿ ಉಳಿಯುತ್ತಿದ್ದುದು ಆ ಚೌಕದ ಚಿತ್ರ. 1960ರ ದಶಕದ ಉತ್ತರಾರ್ಧದಿಂದ 1970ರ ದಶಕದ ಮೊದಲ ವರ್ಷಗಳ ವರೆಗೆ ಬಂದ, ಭ್ರಮೆಯಂತಹ ಬಣ್ಣ ನಾದಗಳ ಸೈಕಡೆಲಿಕ್ ರಾಕ್ ಆಲ್ಬಮ್‌ಗಳ ಒಳ್ಳೆಯ ಹೊದಿಕೆಗಳು ಇಂದಿಗೂ ಕಣ್ಣನ್ನು ಹಿಡಿದು ನಿಲ್ಲಿಸುವುದು ಅವು ಇಷ್ಟು ದೀರ್ಘವಾದ ನೋಟವನ್ನು ತಾಳಿಕೊಳ್ಳಬಲ್ಲವು ಎಂಬ ಕಾರಣಕ್ಕೆ. ಅವುಗಳಿಂದ ಸ್ಫೂರ್ತಿ ಪಡೆದು ವಿಡಿಯೊ ಮಾಡಹೊರಟವರು ಮೊದಲು ಗಮನಿಸಬೇಕಾದುದು ಈ ನಿಧಾನವನ್ನು. ಕ್ಷಣಕ್ಕೊಂದು ಬಣ್ಣ ಚಿಮ್ಮಿಸುವ ಮೊಬೈಲ್ ಫಿಲ್ಟರುಗಳು ಸೈಕಡೆಲಿಕ್ ಎಂಬ ಹೆಸರನ್ನು ಹೊತ್ತಿದ್ದರೂ ಈ ಪರಂಪರೆಗೆ ಸೇರಿದವಲ್ಲವೆಂದು ನಾನು ನಂಬುತ್ತೇನೆ. ನಿಜವಾದ ದ್ರವ, ನಿಜವಾದ ಬೆಳಕು, ನಿಜವಾದ ಕೈ ಇವುಗಳಿಂದ ಹುಟ್ಟಿದ ಚಲನೆಯನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದು, ಆಮೇಲೆ ಮಾತ್ರ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಕ್ರಮವನ್ನು ಈ ಬರಹ ವಿವರಿಸುತ್ತದೆ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ವರೆಗಿನ ಯಾವ ಊರಿನಲ್ಲಿದ್ದರೂ ಇದಕ್ಕೆ ಬೇಕಾದ ಸಾಮಗ್ರಿ ದೊರೆಯುತ್ತದೆ. ಹೆಚ್ಚಿನದು ಅಡುಗೆಮನೆಯಲ್ಲಿಯೂ ಹಿತ್ತಿಲಿನಲ್ಲಿಯೂ ಇದೆ, ಉಳಿದದ್ದು ಪೇಟೆಯ ಔಷಧದ ಅಂಗಡಿಯಲ್ಲಿ ಮತ್ತು ಗಾಜು ಕತ್ತರಿಸಿ ಕೊಡುವ ಅಂಗಡಿಯಲ್ಲಿ ಸಿಗುತ್ತದೆ.

ಹೊದಿಕೆಗಳನ್ನು ಓದಿಕೊಳ್ಳುವುದು

ಕೆಲಸಕ್ಕೆ ಮುನ್ನ ಕೆಲವು ಹೊದಿಕೆಗಳನ್ನು ದೊಡ್ಡ ಪರದೆಯಲ್ಲಿ ಅಥವಾ ಸಾಧ್ಯವಾದರೆ ಮುದ್ರಿತ ಪ್ರತಿಯಲ್ಲಿ ನಿಧಾನವಾಗಿ ನೋಡಬೇಕು. ಕ್ರೀಮ್ ತಂಡದ 1967ರ ‘ಡಿಸ್ರೇಲಿ ಗಿಯರ್ಸ್’ ಆಲ್ಬಮ್‌ಗೆ ಮಾರ್ಟಿನ್ ಶಾರ್ಪ್ ಮಾಡಿದ ಹೊದಿಕೆಯಲ್ಲಿ ಛಾಯಾಚಿತ್ರದ ತುಣುಕುಗಳ ಮೇಲೆ ಪ್ರತಿದೀಪ್ತ (ಫ್ಲೋರೊಸೆಂಟ್) ಬಣ್ಣಗಳು ಹರಡಿಕೊಂಡಿವೆ, ಅಲ್ಲಿ ಖಾಲಿ ಜಾಗವೆಂಬುದೇ ಇಲ್ಲ. ಪಿಂಕ್ ಫ್ಲಾಯ್ಡ್ ತಂಡದ 1968ರ ಎರಡನೆಯ ಆಲ್ಬಮ್‌ಗೆ ಹಿಪ್ನೋಸಿಸ್ ಸಂಸ್ಥೆಯ ಸ್ಟಾರ್ಮ್ ಥೋರ್ಗರ್ಸನ್ ಮತ್ತು ಆಬ್ರಿ ಪವೆಲ್ ಮಾಡಿದ ಹೊದಿಕೆ ಇದಕ್ಕಿಂತ ಬೇರೆ ದಾರಿಯದು; ಹಲವು ಚಿತ್ರಗಳನ್ನು ಒಂದರೊಳಗೊಂದು ಕರಗಿಸಿ, ಯಾವುದು ಎಲ್ಲಿ ಮುಗಿಯಿತು ಎಂದು ಹೇಳಲಾಗದಂತೆ ಮಾಡುವುದು ಅದರ ತಂತ್ರ. ಯೆಸ್ ತಂಡಕ್ಕೆ 1971ರಿಂದ ರೋಜರ್ ಡೀನ್ ಬರೆದ ತೇಲುವ ಭೂಖಂಡಗಳಲ್ಲಿ ಬಣ್ಣಗಳು ಕೂಗುವುದಿಲ್ಲ, ಒಂದು ಛಾಯೆ ಇನ್ನೊಂದಕ್ಕೆ ಮೆಲ್ಲನೆ ಇಳಿಯುತ್ತದೆ. ಫ್ರಾಂಕ್ ಝಾಪಾ ಅವರ 1969ರ ‘ಹಾಟ್ ರ್‍ಯಾಟ್ಸ್’ ಹೊದಿಕೆಗೆ ಅತಿಗೆಂಪು ಕಿರಣಗಳಿಗೆ ಸ್ಪಂದಿಸುವ ಫಿಲ್ಮನ್ನು ಬಳಸಿದ್ದರಿಂದ ಅಲ್ಲಿನ ಬಣ್ಣಗಳು ಲೋಕದ ಬಣ್ಣಗಳಾಗಿ ಉಳಿದಿಲ್ಲ.

ಜಿಮಿ ಹೆಂಡ್ರಿಕ್ಸ್ ತಂಡದ 1967ರ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ನಮಗೆ ಹತ್ತಿರದ ಉದಾಹರಣೆ. ಅದರ ಹೊದಿಕೆಗೆ ಮೂಲವಾದುದು ಭಾರತದಲ್ಲಿ ಅಗ್ಗವಾಗಿ ಮುದ್ರಣಗೊಂಡು ಮಾರಾಟವಾಗುತ್ತಿದ್ದ ವಿಶ್ವರೂಪದ ಪಟ. ಅದರ ಮೇಲೆ ಕಲಾವಿದರ ಮುಖಗಳನ್ನು ಸೇರಿಸಿ ಬರೆಯಲಾಯಿತು. ನಮ್ಮ ದೇವರ ಕೋಣೆಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರ್ ಚಿತ್ರದ ಬಣ್ಣಗಾರಿಕೆಯೇ ಲಂಡನ್ನಿನ ರಾಕ್ ಹೊದಿಕೆಗೆ ಹೋಯಿತು ಎಂದರೆ, ಈ ಬಣ್ಣಗಳಿಗೆ ನಮ್ಮ ಕಣ್ಣು ಮೊದಲೇ ಪಳಗಿದೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಮುಖದಲ್ಲಿ ಕೆಂಪು ಮತ್ತು ಕಪ್ಪಿನ ನಡುವೆ ಸಾಲಾಗಿ ಏಳುವ ಬಿಳಿಯ ಚಿಟ್ಟಿಗಳನ್ನು, ವೇಷ ಕಟ್ಟುವ ಚೌಕಿಯಲ್ಲಿ ಹತ್ತಿರದಿಂದ ಕಂಡವರಿಗೆ, ಬಣ್ಣದ ಅಂಚು ಹೇಗೆ ನಡುಗುತ್ತದೆ ಎಂಬುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ತೆಯ್ಯಂ ಅಥವಾ ಭೂತಕೋಲದ ದೈವದ ಮುಖವನ್ನು ಚಿತ್ರೀಕರಿಸಿ ಅದನ್ನು ಕನ್ನಡಿಯಾಡಿಸಿ, ಕರಗಿಸಿ ವಿಡಿಯೊಗೆ ಬಳಸುವುದು ಸರಿಯಲ್ಲ. ಅದು ಆರಾಧನೆಯ ರೂಪ, ಅದನ್ನು ಕಟ್ಟುವವರಿಗೂ ಕೈಮುಗಿಯುವವರಿಗೂ ಸೇರಿದ್ದು. ಬಣ್ಣಗಳ ಜೋಡಣೆಯನ್ನು ಅಲ್ಲಿಂದ ಕಲಿಯಬಹುದು, ರೂಪವನ್ನು ಅಲ್ಲಿಯೇ ಬಿಡಬೇಕು.

ಗಾಜಿನ ಮೇಜು

ಈ ಹೊದಿಕೆಗಳ ಕಾಲದಲ್ಲಿಯೇ ಸಂಗೀತದ ವೇದಿಕೆಯ ಹಿಂದೆ ದ್ರವಗಳ ಬೆಳಕಿನಾಟ ನಡೆಯುತ್ತಿತ್ತು. 1968ರಲ್ಲಿ ತೆರೆದ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ರಂಗಮಂದಿರದಲ್ಲಿ ಜೋಶುವಾ ವೈಟ್ ಅವರ ತಂಡ, ಲಂಡನ್ನಿನ ಯುಎಫ್‌ಒ ಕ್ಲಬ್ಬಿನಲ್ಲಿ ಮಾರ್ಕ್ ಬಾಯ್ಲ್ ಮತ್ತು ಜೋನ್ ಹಿಲ್ಸ್, ಪ್ರೊಜೆಕ್ಟರಿನ ಬೆಳಕಿನ ಎದುರು ಬಣ್ಣದ ದ್ರವಗಳನ್ನು ಆಡಿಸಿ ಪರದೆಯನ್ನು ತುಂಬುತ್ತಿದ್ದರು. ಗೋಡೆ ಗಡಿಯಾರದ ಉಬ್ಬುಗಾಜು ಆ ಕಾಲದ ಬೆಳಕಿನಾಟದವರ ಮುಖ್ಯ ಉಪಕರಣವಾಗಿತ್ತು. ದೊಡ್ಡದೊಂದು ಉಬ್ಬುಗಾಜಿನಲ್ಲಿ ಬಣ್ಣದ ನೀರು ಮತ್ತು ಎಣ್ಣೆಯನ್ನು ಹಾಕಿ, ಅದರೊಳಗೆ ಕೂರುವ ಚಿಕ್ಕ ಗಾಜನ್ನು ತಾಳಕ್ಕೆ ಸರಿಯಾಗಿ ಒತ್ತುತ್ತ ಬಿಡುತ್ತ ಇದ್ದರೆ, ನಡುವೆ ಸಿಕ್ಕ ದ್ರವ ಹಿಗ್ಗಿ ಕುಗ್ಗಿ ಉಸಿರಾಡಿದಂತೆ ಕಾಣುತ್ತದೆ.

ಇಂದು ನಮಗೆ ಓವರ್‌ಹೆಡ್ ಪ್ರೊಜೆಕ್ಟರ್ ಬೇಕಾಗಿಲ್ಲ. ನಾಲ್ಕೈದು ಮಿಲಿಮೀಟರ್ ದಪ್ಪದ, ಸುಮಾರು 40 ಸೆಂಟಿಮೀಟರ್ ಚೌಕದ ಪಾರದರ್ಶಕ ಗಾಜನ್ನು ತಂದು, ಅಂಚುಗಳನ್ನು ಅಂಗಡಿಯಲ್ಲಿಯೇ ಉಜ್ಜಿಸಿಕೊಂಡು, ಎರಡು ಮುರಕಲ್ಲುಗಳ (ಕೆಂಪು ಜಂಬಿಟ್ಟಿಗೆ ಕಲ್ಲುಗಳ) ಮೇಲೆ ಸೇತುವೆಯಂತೆ ಇಡಬೇಕು. ಗಾಜಿನ ಕೆಳಗೆ ಒಂದು ಗೇಣಿನಷ್ಟು ಅಂತರದಲ್ಲಿ ಎಲ್‌ಇಡಿ ಫಲಕವನ್ನಿಟ್ಟು, ನಡುವೆ ಬೆಣ್ಣೆಕಾಗದ ಅಥವಾ ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನು ಹರಡಿದರೆ ಬೆಳಕು ಎಲ್ಲೆಡೆ ಸಮನಾಗುತ್ತದೆ. ಬ್ಯಾಟರಿಯಿಂದ ಉರಿಯುವ ಫಲಕವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ ಎಂಬುದೊಂದು ಕಾರಣ, ನೀರು ಚೆಲ್ಲುವ ಮೇಜಿನ ಹತ್ತಿರ ಮನೆಯ ವಿದ್ಯುತ್ತಿನ ತಂತಿ ಇರಬಾರದು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಗಡಿಯಾರದ ಉಬ್ಬುಗಾಜು ಈಗ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ರಸಾಯನಶಾಸ್ತ್ರ ಪ್ರಯೋಗಾಲಯದ ವಾಚ್ ಗ್ಲಾಸುಗಳನ್ನು ಬಳಸಬಹುದು. ಒಂದು ದೊಡ್ಡದು, ಒಂದು ಚಿಕ್ಕದು ಇದ್ದರೆ ಸಾಕು.

ಹಳೆಯ ಪ್ರೊಜೆಕ್ಟರಿನ ದೀಪ ಬಿಸಿಯಾಗುತ್ತಿದ್ದುದರಿಂದ ದ್ರವಗಳು ತಾವಾಗಿಯೇ ಕದಲುತ್ತಿದ್ದವು. ಎಲ್‌ಇಡಿಯಲ್ಲಿ ಆ ಶಾಖ ಇಲ್ಲ, ಆದ್ದರಿಂದ ಚಲನೆಯನ್ನು ನಾವೇ ಕೊಡಬೇಕು. ಗಾಜಿನ ಒಂದು ಮೂಲೆಯ ಕೆಳಗೆ ತೆಳ್ಳಗಿನ ರಟ್ಟು ಸೇರಿಸಿ ಓರೆಮಾಡುವುದು, ಕೊಳವೆಯಿಂದ ಮೆಲ್ಲನೆ ಊದುವುದು, ತೊಟ್ಟಿಕ್ಕುವ ಎತ್ತರವನ್ನು ಬದಲಿಸುವುದು ಇವು ಕೈಗೆ ಬೇಗ ಒಗ್ಗುವ ಉಪಾಯಗಳು.

ದ್ರವಗಳು

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದೇ ಈ ಕಲೆಯ ಬುನಾದಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆಹಾರದ ಬಣ್ಣ ನೀರಿನಲ್ಲಿ ಮಾತ್ರ ಕರಗುತ್ತದೆ, ಎಣ್ಣೆಗೆ ಹಾಕಿದರೆ ಹುಡಿಯಾಗಿ ತಳಕ್ಕೆ ಕೂರುತ್ತದೆ. ಎಣ್ಣೆಗೆ ಬಣ್ಣ ಕಟ್ಟಲು ಚಾಕೊಲೇಟಿಗೆ ಬಳಸುವ ಎಣ್ಣೆಯಾಧಾರಿತ ಬಣ್ಣ ಅಥವಾ ಮೇಣದ ಬತ್ತಿಗೆ ಹಾಕುವ ಬಣ್ಣ ಬೇಕು. ಮನೆಯಲ್ಲಿಯೇ ಮಾಡುವುದಾದರೆ ಅರಸಿನದ ಹುಡಿಯನ್ನು ಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ಕಲಸಿ, ಕೆಲವು ಗಂಟೆ ಬಿಟ್ಟು, ತೆಳ್ಳಗಿನ ಬಟ್ಟೆಯಲ್ಲಿ ಸೋಸಿದರೆ ಬೆಳಕು ಹಾಯುವ ಬಂಗಾರದ ಹಳದಿ ದೊರೆಯುತ್ತದೆ, ಏಕೆಂದರೆ ಅರಸಿನದ ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಗ್ರಂಥಿಗೆ (ನಾಟಿ ಔಷಧ ಸಾಮಗ್ರಿಯ) ಅಂಗಡಿಯಲ್ಲಿ ಸಿಗುವ ರತನ್‌ಜೋತ್ ಬೇರನ್ನು ಅದೇ ರೀತಿ ಎಣ್ಣೆಯಲ್ಲಿ ಬಿಟ್ಟರೆ ಗಾಢವಾದ ಕೆಂಪು ಇಳಿಯುತ್ತದೆ.

ತೆಂಗಿನೆಣ್ಣೆಯ ಒಂದು ಗುಣವನ್ನು ಇಲ್ಲಿ ಲಾಭಕ್ಕೆ ತಿರುಗಿಸಿಕೊಳ್ಳಬಹುದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ದನು ತಿಂಗಳ ನಸುಕಿನಲ್ಲಿ, ಅಥವಾ ಗಾಜನ್ನು ಮೊದಲೇ ತಣ್ಣೀರಿನಲ್ಲಿ ಇಟ್ಟು ತಂಪು ಮಾಡಿಕೊಂಡಾಗ, ತೊಟ್ಟಿಕ್ಕಿದ ಎಣ್ಣೆ ಅಂಚಿನಿಂದ ಬೆಳ್ಳಗಾಗುತ್ತ, ಒಳಗೆ ಜರಿಗಿಡದಂತೆ ಕವಲೊಡೆಯುತ್ತ ಸಾಗುವುದನ್ನು ಕಾಣಬಹುದು. ಆ ಬೆಳವಣಿಗೆಯನ್ನು ಚಿತ್ರೀಕರಿಸಿ ಸಂಕಲನದಲ್ಲಿ ಹಿಂದುಮುಂದಾಗಿ ಓಡಿಸಿದರೆ, ಮಂಜು ಕರಗಿ ಬಣ್ಣವಾಗುವ ದೃಶ್ಯವೊಂದು ಕಷ್ಟವಿಲ್ಲದೆ ಸಿಗುತ್ತದೆ. ಹೆಪ್ಪುಗಟ್ಟಬಾರದು ಎಂದಿದ್ದರೆ ಔಷಧದ ಅಂಗಡಿಯ ದ್ರವ ಪ್ಯಾರಫಿನ್ ಬಳಸಬೇಕು, ಅದು ನೀರಿನಷ್ಟೇ ತಿಳಿಯಾಗಿರುತ್ತದೆ. ನೀರಿನ ಭಾಗವನ್ನು ನಿಧಾನಗೊಳಿಸಲು ಗ್ಲಿಸರಿನ್ ಸೇರಿಸಬೇಕು. ಗ್ಲಿಸರಿನ್ ನೀರಿನೊಂದಿಗೆ ಪೂರ್ತಿಯಾಗಿ ಬೆರೆತು ಅದನ್ನು ದಪ್ಪಗಾಗಿಸುವುದರಿಂದ, ಬಣ್ಣದ ಹನಿ ಬಿದ್ದ ಕೂಡಲೇ ಚದರಿ ಹೋಗದೆ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಕುರ್ದಿ ನೀರನ್ನು, ಅಂದರೆ ಅರಸಿನ ಸುಣ್ಣ ಕಲಸಿದ ಕೆಂಪು ನೀರನ್ನು, ಕಾಣದವರಿಲ್ಲ. ಅರಸಿನಕ್ಕೆ ಸುಣ್ಣ ಸೇರಿದಾಗ ಹಳದಿ ರಕ್ತಗೆಂಪಿಗೆ ತಿರುಗುವುದು, ಕರ್ಕ್ಯುಮಿನ್ ಕ್ಷಾರದ ಸಂಗದಲ್ಲಿ ಬಣ್ಣ ಬದಲಿಸುವುದರಿಂದ. ವಿಡಿಯೊ ಕಲೆಗೆ ಇದಕ್ಕಿಂತ ಉತ್ತಮವಾದ ಸಾಮಗ್ರಿಯನ್ನು ನಾನು ಬೇರೆ ಕಂಡಿಲ್ಲ, ಏಕೆಂದರೆ ಇಲ್ಲಿ ಬಣ್ಣವನ್ನು ಬದಲಿಸುವುದು ಸಾಫ್ಟ್‌ವೇರ್ ಅಲ್ಲ, ದ್ರವದೊಳಗಿನ ಕ್ರಿಯೆ. ಅದರ ಅಂಚು ಎಲ್ಲಿ ಹೇಗೆ ಹರಿಯುತ್ತದೆ ಎಂಬುದನ್ನು ಯಾರೂ ಮೊದಲೇ ಬರೆದಿಡಲಾರರು. ಅರಸಿನವನ್ನು ನೀರು ಮತ್ತು ಸ್ವಲ್ಪ ಗ್ಲಿಸರಿನ್‌ನಲ್ಲಿ ಕಲಸಿ ಗಾಜಿನ ಮೇಲೆ ತೆಳುವಾಗಿ ಹರಡಬೇಕು. ಬೇರೊಂದು ಪಾತ್ರೆಯಲ್ಲಿ ಸುಣ್ಣವನ್ನು ನೀರಿಗೆ ಹಾಕಿ, ಹುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಡ್ರಾಪರಿನಲ್ಲಿ ತೆಗೆದುಕೊಂಡು, ಹಳದಿಯ ನಡುವೆ ಒಂದೊಂದೇ ಹನಿ ಬಿಡಬೇಕು. ಕೆಂಪು ನಾಲಗೆಗಳು ಹೊರಕ್ಕೆ ಚಾಚುತ್ತವೆ. ಆಮೇಲೆ ನಿಂಬೆರಸದ ಹನಿಗಳನ್ನು ಬಿಟ್ಟರೆ ಆಮ್ಲದ ಕಾರಣದಿಂದ ಕೆಂಪು ಮತ್ತೆ ಹಳದಿಗೆ ಮರಳುತ್ತದೆ. ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ನೀಲಿಯೂ ಇದೇ ಜಾತಿಯದು. ನಿಂಬೆರಸ ತಾಗಿದಲ್ಲಿ ನೇರಳೆಗೂ ಗುಲಾಬಿಗೂ, ಸುಣ್ಣದ ತಿಳಿ ತಾಗಿದಲ್ಲಿ ಹಸಿರಿಗೂ ತಿರುಗುತ್ತದೆ. ಈ ನೀಲಿಯ ಮೇಲೆ ಅರಸಿನದ ತೆಂಗಿನೆಣ್ಣೆಯನ್ನು ತೇಲಿಸಿದರೆ ಬೆಳಕು ಎರಡರ ಮೂಲಕವೂ ಹಾಯ್ದು ಬರುವುದರಿಂದ ಎಣ್ಣೆಯ ಹನಿಗಳು ಹಸಿರಾಗಿ ಹೊಳೆಯುತ್ತವೆ. ಸುಣ್ಣದ ತಿಳಿ ಕಣ್ಣಿಗೆ ಅಪಾಯಕಾರಿಯಾದ್ದರಿಂದ ಕನ್ನಡಕ ಧರಿಸಿಯೇ ಕೆಲಸ ಮಾಡಬೇಕು, ಮಕ್ಕಳ ಕೈಗೆ ಅದನ್ನು ಕೊಡಬಾರದು. ಕೆಲವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಸುಂದರವಾದ ಬಿರುಕುಗಳನ್ನು ಮೂಡಿಸುತ್ತದೆಯಾದರೂ ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಬಳಸುವುದು ಬೇಡ.

ಕ್ಯಾಮೆರಾ

ಗಾಜಿನ ಮೇಲಿನಿಂದ ನೇರವಾಗಿ ಕೆಳಕ್ಕೆ ನೋಡುವಂತೆ ಮೊಬೈಲನ್ನೋ ಕ್ಯಾಮೆರಾವನ್ನೋ ನಿಲ್ಲಿಸಬೇಕು. ಅಡ್ಡ ತೋಳಿರುವ ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ಕುರ್ಚಿಗಳ ಬೆನ್ನಿನ ಮೇಲೆ ಹಲಗೆಯನ್ನಿಟ್ಟು, ಅದರಲ್ಲಿ ಲೆನ್ಸಿನಷ್ಟೇ ರಂಧ್ರ ಕೊರೆದು ಮೊಬೈಲನ್ನು ಬೋರಲಾಗಿ ಮಲಗಿಸಬಹುದು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಬೀಗ ಹಾಕಿದ ಸ್ಥಿತಿಯಲ್ಲಿ ಇಡಬೇಕು. ಇದನ್ನು ಮರೆತರೆ ಕೆಂಪು ಹರಡಿದಂತೆಲ್ಲ ಕ್ಯಾಮೆರಾ ತಾನೇ ಅದನ್ನು ತಟಸ್ಥಗೊಳಿಸಲು ಹೊರಡುತ್ತದೆ, ಮತ್ತು ಕುರ್ದಿಯ ಕೆಂಪು ಮಣ್ಣಿನ ಬಣ್ಣವಾಗಿ ಉಳಿಯುತ್ತದೆ. 4ಕೆ ಗಾತ್ರದಲ್ಲಿ, ಅಂದರೆ 3840ಕ್ಕೆ 2160 ಬಿಂದುಗಳಲ್ಲಿ ಚಿತ್ರೀಕರಿಸಿದರೆ ನಡುವಿನ 2160 ಬಿಂದುಗಳ ಚೌಕವನ್ನು ಕತ್ತರಿಸಿಕೊಳ್ಳಬಹುದು. ಚೌಕವನ್ನೇ ಅಂತಿಮ ಚೌಕಟ್ಟಾಗಿ ಉಳಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯದ ಸಲಹೆ. ಎಲ್‌ಪಿ ಹೊದಿಕೆಯ ಸಂಯೋಜನೆಯ ಬಲವೆಲ್ಲ ಆ ಸಮಬಾಹುಗಳಲ್ಲಿದೆ.

ನಮ್ಮ ವಿದ್ಯುತ್ತು 50 ಹರ್ಟ್ಜ್ ಆಗಿರುವುದರಿಂದ ಮನೆಯ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಸೆಕೆಂಡಿಗೆ 25 ಚೌಕಟ್ಟುಗಳ ವೇಗ ಮತ್ತು ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿನ ಶಟರ್ ಇಟ್ಟುಕೊಂಡರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಓಡುವುದಿಲ್ಲ. ಸೆಕೆಂಡಿಗೆ 120 ಚೌಕಟ್ಟುಗಳಲ್ಲಿ ಹಿಡಿದು 25ರಲ್ಲಿ ಓಡಿಸಿದರೆ ಚಲನೆಯ ವೇಗ ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ, ದ್ರವಗಳಿಗೆ ಇದು ಬಹಳ ಹೊಂದುತ್ತದೆ. ಆದರೆ ಈ ವೇಗದಲ್ಲಿ ಮನೆಯ ದೀಪದ ಮಿನುಗು ತಪ್ಪದೆ ಕಾಣುವುದರಿಂದ ಅವನ್ನೆಲ್ಲ ಆರಿಸಿ ಬ್ಯಾಟರಿಯ ಫಲಕವೊಂದನ್ನೇ ಉರಿಸಬೇಕು. ಕೆಲವು ಫಲಕಗಳು ಬೆಳಕನ್ನು ತಗ್ಗಿಸಿದಾಗ ತಾವೂ ಮಿನುಗುತ್ತವೆ, ಆದ್ದರಿಂದ ಮೊದಲು ಕೆಲವು ಸೆಕೆಂಡುಗಳ ಪರೀಕ್ಷೆ ಮಾಡಿಕೊಳ್ಳುವುದು ಅಗತ್ಯ.

ಪ್ರತಿಯೊಂದು ದ್ರವದಾಟವನ್ನು ಎರಡು ರೀತಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕೆಳಗಿನಿಂದ ಬಿಳಿಯ ಬೆಳಕು ಕೊಟ್ಟು ಹಿಡಿದದ್ದು ಒಂದು; ಗಾಜಿನ ಕೆಳಗೆ ಕಪ್ಪು ಬಟ್ಟೆ ಹಾಸಿ, ಪಕ್ಕದಿಂದ ಟಾರ್ಚಿನ ಬೆಳಕು ಬೀಳಿಸಿ ಹಿಡಿದದ್ದು ಇನ್ನೊಂದು. ಎರಡನೆಯದರಲ್ಲಿ ಎಣ್ಣೆಯ ಗುಳ್ಳೆಗಳ ಅಂಚು ಮಾತ್ರ ಬೆಳ್ಳಿಯಂತೆ ಹೊಳೆದು ಉಳಿದದ್ದೆಲ್ಲ ಕತ್ತಲಲ್ಲಿ ಮುಳುಗುತ್ತದೆ. ಈ ಎರಡರ ಉಪಯೋಗ ಸಂಕಲನದಲ್ಲಿ ತಿಳಿಯುತ್ತದೆ.

ದ್ರವವಿಲ್ಲದೆ ಬಣ್ಣ ಬೇಕೆಂದಾಗ ಹಳೆಯ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಅದರ ಮುಂದೆ ಪಾರದರ್ಶಕ ಗಾಜಿನ ಮೇಲೆ ಸೆಲ್ಲೋಟೇಪನ್ನು ಅಡ್ಡಾದಿಡ್ಡಿಯಾಗಿ ಹಲವು ಪದರ ಅಂಟಿಸಿ ಹಿಡಿದು, ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಬೇಕು. ಎಲ್‌ಸಿಡಿಯಿಂದ ಬರುವ ಬೆಳಕು ಮೊದಲೇ ಧ್ರುವೀಕೃತವಾಗಿರುವುದರಿಂದ ಟೇಪಿನ ಪ್ರತಿ ಪದರವೂ ಬೇರೆ ಬೇರೆ ಬಣ್ಣವಾಗಿ, ಫಿಲ್ಟರ್ ತಿರುಗಿದಂತೆ ತನ್ನ ವಿರುದ್ಧದ ಬಣ್ಣಕ್ಕೆ ಜಾರುತ್ತದೆ. ಇದೇ ರೀತಿ ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಅದೇ ಟಿವಿಯ ಕಡೆಗೆ ತಿರುಗಿಸಿ, ಸ್ವಲ್ಪ ಓರೆಮಾಡಿದರೆ ಚಿತ್ರದೊಳಗೆ ಚಿತ್ರ ಸುಳಿಯಾಗಿ ಇಳಿಯುತ್ತದೆ. 1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ದೃಶ್ಯ ಹುಟ್ಟಿದ್ದು ಈ ತಂತ್ರದಿಂದಲೇ.

ನಡುಗುವ ಅಂಚು

ಸ್ಯಾನ್ ಫ್ರಾನ್ಸಿಸ್ಕೊದ ಸಂಗೀತ ಕಾರ್ಯಕ್ರಮಗಳ ಪೋಸ್ಟರುಗಳಿಗೂ ಸ್ಟೀವ್ ಮಿಲ್ಲರ್ ಬ್ಯಾಂಡಿನ 1968ರ ಆಲ್ಬಮ್‌ಗೂ ಚಿತ್ರ ಬರೆದ ವಿಕ್ಟರ್ ಮೊಸ್ಕೊಸೊ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಬಣ್ಣಗಳ ಮಹಾ ಶಿಕ್ಷಕರಾದ ಜೋಸೆಫ್ ಆಲ್ಬರ್ಸ್ ಅವರ ವಿದ್ಯಾರ್ಥಿಯಾಗಿದ್ದವರು. ವರ್ಣಚಕ್ರದಲ್ಲಿ ಎದುರುಬದುರಾದ ಎರಡು ಬಣ್ಣಗಳನ್ನು ಸಮಾನ ತೀವ್ರತೆಯಲ್ಲಿ, ಸಮಾನ ಹೊಳಪಿನಲ್ಲಿ ಅಕ್ಕಪಕ್ಕ ಇಟ್ಟರೆ ಅವುಗಳ ನಡುವಿನ ಗೆರೆ ಕಣ್ಣಿಗೆ ಕಂಪಿಸುತ್ತದೆ. ರೂಪದ ಅಂಚನ್ನು ಗುರುತಿಸಲು ಕಣ್ಣು ಹೆಚ್ಚಾಗಿ ನೆಚ್ಚುವುದು ಹೊಳಪಿನ ವ್ಯತ್ಯಾಸವನ್ನು. ಆ ವ್ಯತ್ಯಾಸವನ್ನೇ ತೆಗೆದುಬಿಟ್ಟಾಗ ಬಣ್ಣಗಳು ಬೇರೆಯೆಂದು ತಿಳಿದರೂ ಗೆರೆ ನಿಲ್ಲುವುದಿಲ್ಲ.

ಇದನ್ನು ವಿಡಿಯೊದಲ್ಲಿ ಸಾಧಿಸಲು ಸಂಕಲನದ ತಂತ್ರಾಂಶದಲ್ಲಿಯೇ ಖಚಿತವಾದ ಪರೀಕ್ಷೆಯೊಂದಿದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿಯಾಗಲಿ ಕೆಡೆನ್‌ಲೈವ್‌ನಲ್ಲಿಯಾಗಲಿ ಚಿತ್ರದ ಸ್ಯಾಚುರೇಶನ್ನನ್ನು (ಬಣ್ಣದ ತೀವ್ರತೆಯನ್ನು) ಶೂನ್ಯಕ್ಕೆ ಇಳಿಸಿ ಕಪ್ಪುಬಿಳುಪಾಗಿಸಬೇಕು. ಎರಡು ಬಣ್ಣಗಳ ನಡುವಿನ ಗೆರೆ ಬೂದುಬಣ್ಣದಲ್ಲಿ ಕಾಣದಂತಾದರೆ ಜೋಡಿ ಸರಿಯಾಗಿದೆ. ಕಂಡರೆ ಹೆಚ್ಚು ಹೊಳೆಯುವ ಬಣ್ಣವನ್ನು ತಗ್ಗಿಸಬೇಕು. ಪರದೆಯ ಪೂರ್ಣ ಹಸಿರು ಪೂರ್ಣ ನೀಲಿಗಿಂತ ಸುಮಾರು ಹತ್ತು ಪಟ್ಟು ಪ್ರಕಾಶಮಾನವಾಗಿಯೂ, ಪೂರ್ಣ ಕೆಂಪು ನೀಲಿಗಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನವಾಗಿಯೂ ಇರುವುದರಿಂದ, ಬಣ್ಣದ ಹಲಗೆಯಿಂದ ನೇರವಾಗಿ ಆರಿಸಿದ ಕೆಂಪು ಹಸಿರು ಜೋಡಿ ಚೆನ್ನಾಗಿ ಕಂಪಿಸದು. ಹಸಿರನ್ನು ಸಾಕಷ್ಟು ಕಡುವಾಗಿಸಿದ ಮೇಲೆಯೇ ಅದು ಜೀವ ತಾಳುತ್ತದೆ.

ಇನ್ನೊಂದು ತೊಡಕನ್ನು ಬಹಳ ಮಂದಿ ಗಮನಿಸುವುದಿಲ್ಲ. ಸಾಮಾನ್ಯ ಕ್ಯಾಮೆರಾಗಳೂ ಅಂತರ್ಜಾಲದ ವಿಡಿಯೊಗಳೂ ಹೊಳಪಿನ ಮಾಹಿತಿಯನ್ನು ಪೂರ್ತಿಯಾಗಿ ಉಳಿಸಿಕೊಂಡು, ಬಣ್ಣದ ಮಾಹಿತಿಯನ್ನು ಮಾತ್ರ ಅರ್ಧ ಅಗಲ ಮತ್ತು ಅರ್ಧ ಎತ್ತರದಲ್ಲಿ ಉಳಿಸುತ್ತವೆ. ನಾವು ಹೊಳಪಿನ ವ್ಯತ್ಯಾಸವನ್ನೇ ಅಳಿಸಿರುವಾಗ ಗೆರೆಯ ಇರವು ಪೂರ್ತಿ ಬಣ್ಣದ ಮಾಹಿತಿಯಲ್ಲಿ ಮಾತ್ರ ಇರುತ್ತದೆ, ಆದ್ದರಿಂದ ಕಂಪಿಸಬೇಕಾದ ಜಾಗವೇ ಮೊದಲು ಮಸುಕಾಗುತ್ತದೆ. ಆಕೃತಿಗಳನ್ನು ದಪ್ಪವಾಗಿ ಇಡುವುದು, ತೋರಿಸಬೇಕಾದ ಗಾತ್ರಕ್ಕಿಂತ ಎರಡರಷ್ಟು ಗಾತ್ರದಲ್ಲಿ ಕಡತವನ್ನು ಸಿದ್ಧಪಡಿಸುವುದು ಇದಕ್ಕೆ ಪರಿಹಾರ.

ಪದರಗಳು, ತೋಟ, ಅಕ್ಷರ

ಸಂಕಲನದಲ್ಲಿ ಪದರಗಳು ಮೂರಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳುವುದು ಒಳ್ಳೆಯದು. ಕಪ್ಪು ಹಿನ್ನೆಲೆಯಲ್ಲಿ ಹಿಡಿದ ದೃಶ್ಯವನ್ನು ‘ಸ್ಕ್ರೀನ್’ ವಿಧಾನದಲ್ಲಿ ಸೇರಿಸಿದರೆ ಕಪ್ಪು ಮಾಯವಾಗಿ ಹೊಳೆಯುವ ಅಂಚು ಮಾತ್ರ ಉಳಿಯುತ್ತದೆ. ಬಿಳಿಯ ಬೆಳಕಿನಲ್ಲಿ ಹಿಡಿದದ್ದನ್ನು ‘ಮಲ್ಟಿಪ್ಲೈ’ ವಿಧಾನದಲ್ಲಿ ಸೇರಿಸಿದರೆ ಬಿಳಿ ಮಾಯವಾಗಿ ಬಣ್ಣ ಮಾತ್ರ ಕೆಳಗಿನ ಪದರಕ್ಕೆ ಹತ್ತುತ್ತದೆ. ಕೆಳಗಿನ ಪದರವಾಗಿ ಊರಿನ ದೃಶ್ಯವೊಂದನ್ನು ಇಡಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಮುರಕಲ್ಲಿನ ಪಾರೆ, ಅದರಾಚೆ ಅಡಿಕೆ ತೋಟ, ಮೇಲೆ ಬಾನು ಇರುವ ಒಂದು ಸ್ಥಿರ ದೃಶ್ಯವನ್ನು ಹಿಡಿದು, ಚಾನೆಲ್ ಮಿಕ್ಸರಿನಲ್ಲಿ ಕೆಂಪು ಮತ್ತು ಹಸಿರು ಚಾನೆಲ್‌ಗಳನ್ನು ಅದಲುಬದಲು ಮಾಡಿ, ಬಣ್ಣದ ತೀವ್ರತೆಯನ್ನು ಏರಿಸಿ ನೋಡಬೇಕು. ತೋಟ ಕೆಂಪಾಗುತ್ತದೆ, ಮುರಕಲ್ಲು ಹಸಿರಾಗುತ್ತದೆ, ಬಾನು ನೇರಳೆಯ ಕಡೆಗೆ ಸರಿಯುತ್ತದೆ. ಅತಿಗೆಂಪು ಫಿಲ್ಮಿನಲ್ಲಿ ತೆಗೆದ ಹೊದಿಕೆಗಳ ಅಪರಿಚಿತ ಲೋಕಕ್ಕೆ ಇದು ಬಹಳ ಹತ್ತಿರ ಬರುತ್ತದೆ, ಏಕೆಂದರೆ ಆ ಫಿಲ್ಮಿನಲ್ಲಿಯೂ ಹಸಿರೆಲೆಗಳು ಅತಿಗೆಂಪನ್ನು ಹೆಚ್ಚಾಗಿ ಪ್ರತಿಫಲಿಸುವ ಕಾರಣ ಕೆಂಪಾಗಿ ಮೂಡುತ್ತಿದ್ದವು. ಈ ಬದಲಾವಣೆಯನ್ನು ಒಮ್ಮೆಲೇ ಮಾಡದೆ ಎರಡು ಮೂರು ನಿಮಿಷಗಳ ಉದ್ದಕ್ಕೂ ಕೀಫ್ರೇಮ್ (ಬದಲಾವಣೆಯ ಮೊದಲು ಕೊನೆಗಳ ಗುರುತು) ಇಟ್ಟು ಮಾಡಿದರೆ, ಬಣ್ಣ ಯಾವಾಗ ಬದಲಾಯಿತೆಂದು ನೋಡುವವರಿಗೆ ತಿಳಿಯುವುದಿಲ್ಲ.

ಅಕ್ಷರಗಳ ವಿಷಯದಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. 1960ರ ದಶಕದ ಪೋಸ್ಟರುಗಳಲ್ಲಿ ವೆಸ್ ವಿಲ್ಸನ್ ಬಳಕೆಗೆ ತಂದ ಉಬ್ಬಿದ, ಬಾಗಿದ ಅಕ್ಷರಗಳಿಗೆ ವಿಯೆನ್ನಾದ ಆಲ್ಫ್ರೆಡ್ ರೋಲರ್ ಅವರ ಹಿಂದಿನ ಬರವಣಿಗೆ ಆಧಾರವಾಗಿತ್ತು. ಮೊದಲು ಒಂದು ಆಕೃತಿಯನ್ನು ಬರೆದು, ಅದು ಪೂರ್ತಿ ತುಂಬುವಂತೆ ಅಕ್ಷರಗಳನ್ನು ಹಿಗ್ಗಿಸುವುದು ಅದರ ಕ್ರಮ. ರೋಮನ್ ಲಿಪಿಯಲ್ಲಿ ಇದಕ್ಕಾಗಿ ನೇರ ಗೆರೆಗಳನ್ನು ಬಗ್ಗಿಸಬೇಕಾಗುತ್ತದೆ. ಕನ್ನಡದ ಅಕ್ಷರ ಮೊದಲೇ ದುಂಡಗಿದೆ, ತಲೆಕಟ್ಟು ಮೇಲಕ್ಕೂ ಒತ್ತಕ್ಷರ ಕೆಳಕ್ಕೂ ಕೊಂಬು ಬಲಕ್ಕೂ ಚಾಚಿಕೊಳ್ಳಲು ಸಿದ್ಧವಾಗಿದೆ. ಕಾಗದದ ಮೇಲೆ ಮಾವಿನಕಾಯಿಯ ಅಥವಾ ಜ್ವಾಲೆಯ ಆಕಾರ ಬರೆದು, ಹೆಸರಿನ ಅಕ್ಷರಗಳಿಗೆ ಅದನ್ನು ಹಂಚಿ, ಅಕ್ಷರಗಳ ನಡುವಿನ ಕಂದಿಯನ್ನು ಎಲ್ಲೆಡೆ ಒಂದೇ ಅಗಲದಲ್ಲಿ ಇಟ್ಟುಕೊಳ್ಳಬೇಕು. ಓದಲು ತುಸು ಹೊತ್ತು ಹಿಡಿದರೆ ಚಿಂತೆಯಿಲ್ಲ, ಆದರೆ ಒತ್ತಕ್ಷರ ಯಾವ ಅಕ್ಷರದ್ದೆಂಬ ಸಂದೇಹ ಉಳಿಯಬಾರದು. ಈ ಬರಹವನ್ನು ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಮ್ಯಾಟ್ ಆಗಿ, ಅಂದರೆ ಚಿತ್ರ ಎಲ್ಲಿ ಕಾಣಬೇಕೆಂದು ತೋರಿಸುವ ಅಚ್ಚಾಗಿ, ಬಳಸಿದರೆ ಅಕ್ಷರಗಳ ಒಳಗೆ ಮಾತ್ರ ಕುರ್ದಿ ಹರಿಯುತ್ತದೆ, ಕಂದಿಗಳಲ್ಲಿ ಶಂಖಪುಷ್ಪದ ನೀಲಿ ನಿಲ್ಲುತ್ತದೆ.

ಧ್ವನಿ ಮತ್ತು ಪ್ರದರ್ಶನ

ಹಳೆಯ ಹಾಡನ್ನು ಹಿನ್ನೆಲೆಗೆ ಹಾಕುವುದು ಬೇಡ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ, ಚಿತ್ರಕಲೆಯ ಹಕ್ಕು ಕಲಾವಿದರ ಮರಣದ ನಂತರ 60 ವರ್ಷ ಉಳಿಯುತ್ತದೆ. ಆದ್ದರಿಂದ ಹೊದಿಕೆಯ ಚಿತ್ರವನ್ನು ಹಾಗೆಯೇ ಎತ್ತಿಕೊಳ್ಳುವುದೂ ಸಲ್ಲದು. ಹಾರ್ಮೋನಿಯಂನ ಒಂದೇ ಸ್ವರದ ಶ್ರುತಿಯನ್ನು ದೀರ್ಘವಾಗಿ ಧ್ವನಿಮುದ್ರಿಸಿ ಅರ್ಧ ವೇಗಕ್ಕೆ ಇಳಿಸಿದರೆ ಅದು ಒಂದು ಸ್ಥಾಯಿ ಕೆಳಕ್ಕೆ ಹೋಗುತ್ತದೆ. ಅದರ ಮೇಲೆ ಮದ್ದಳೆಯ ಬಿಡಿ ಪೆಟ್ಟುಗಳನ್ನು ಹಿಂದುಮುಂದಾಗಿ ಓಡಿಸಿ ಸೇರಿಸಬಹುದು. ನುಡಿಸಿದವರ ಒಪ್ಪಿಗೆಯನ್ನು ಪಡೆದು ಅವರ ಹೆಸರನ್ನು ಕೊನೆಯಲ್ಲಿ ಕಾಣಿಸಬೇಕು.

ಬೆಳಕಿನ ಮಿಂಚುಗಳು ಸೆಕೆಂಡಿಗೆ ಮೂರನ್ನು ಮೀರಬಾರದು. ಅದಕ್ಕಿಂತ ವೇಗವಾಗಿ ಮಿನುಗುವ ದೃಶ್ಯ, ಅದರಲ್ಲಿಯೂ ಗಾಢ ಕೆಂಪಿನ ಮಿನುಗು, ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸಬಲ್ಲದು. ವಿಡಿಯೊದ ಮೊದಲಿಗೆ ಎಚ್ಚರಿಕೆಯ ಮಾತು ಹಾಕುವುದಕ್ಕಿಂತ ಅಂತಹ ಮಿಂಚನ್ನೇ ಬಿಟ್ಟುಬಿಡುವುದು ಮೇಲು, ನಿಧಾನವನ್ನು ನೆಚ್ಚಿದ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ. ಕಡತವನ್ನು ಹೊರತೆಗೆಯುವ ಮೊದಲು ಮೇಲಿನ ಪದರವಾಗಿ ತೀರ ತೆಳುವಾದ ಫಿಲ್ಮ್ ಗ್ರೇನ್ (ಫಿಲ್ಮಿನ ಕಣಗಳಂತಹ ಸಣ್ಣ ಚುಕ್ಕೆಗಳು) ಸೇರಿಸಿದರೆ ಬಣ್ಣದ ಇಳಿಜಾರುಗಳು ಮೆಟ್ಟಿಲುಗಳಾಗಿ ಒಡೆಯುವುದು ತಪ್ಪುತ್ತದೆ.

ತೋರಿಸುವುದಕ್ಕೆ ವಾಚನಾಲಯದ ಸಭಾಂಗಣವೋ ಮನೆಯ ಚಾವಡಿಯೋ ಸಾಕು. ಗೋಡೆಗಿಂತ ಬಿಳಿಯ ಮುಂಡನ್ನು ಚೌಕವಾಗಿ ಬಿಗಿದು, ಪ್ರೊಜೆಕ್ಟರನ್ನು ಅದರ ಹಿಂದೆ ಇಡುವುದು ಹೆಚ್ಚು ಚೆಲುವಾಗಿ ಕಾಣುತ್ತದೆ. ಬಟ್ಟೆಯನ್ನು ಒದ್ದೆಮಾಡಿ ಹಿಂಡಿ ಕಟ್ಟಿದರೆ ಬೆಳಕು ಇನ್ನೂ ಚೆನ್ನಾಗಿ ಹಾಯುತ್ತದೆ. ಹಿಂದಿನಿಂದ ಬೀಳಿಸುವಾಗ ಎಡಬಲ ಅದಲುಬದಲಾಗುವುದರಿಂದ ಪ್ರೊಜೆಕ್ಟರಿನ ಸೆಟ್ಟಿಂಗಿನಲ್ಲಿ ರಿಯರ್ ಪ್ರೊಜೆಕ್ಷನ್ ಆಯ್ದುಕೊಳ್ಳಬೇಕು, ಇಲ್ಲದಿದ್ದರೆ ಅಷ್ಟು ಶ್ರಮದಿಂದ ಬರೆದ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ. ಚೌಕದ ಎರಡೂ ಬದಿಗೆ ಚೆಲ್ಲುವ ಮಸುಕು ಬೆಳಕನ್ನು ಕಪ್ಪು ರಟ್ಟಿನಿಂದ ಪ್ರೊಜೆಕ್ಟರಿನ ಮುಂದೆಯೇ ತಡೆಯಬಹುದು. ಕೃತಿಯ ಉದ್ದ ರೆಕಾರ್ಡಿನ ಒಂದು ಮಗ್ಗುಲಿನಷ್ಟು, ಅಂದರೆ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷಗಳ ಒಳಗೆ ಇರಲಿ, ಮತ್ತು ಕುರ್ಚಿಗಳನ್ನು ಬಟ್ಟೆಯ ಅಗಲದ ಎರಡರಷ್ಟು ದೂರದೊಳಗೇ ಹಾಕಿಸಿರಿ, ಏಕೆಂದರೆ ಹೊದಿಕೆಯನ್ನು ಕೈಯಲ್ಲಿ ಹಿಡಿದಾಗ ಅದು ಕಣ್ಣಿಗೆ ಕಾಣುತ್ತಿದ್ದುದು ಸುಮಾರು ಅಷ್ಟೇ ದೊಡ್ಡದಾಗಿ.